ಐಸ್ ಹಾಕಿ ಡಿಫೆನ್ಸ್‌ಮನ್‌ನ ಅಳೆಯೋಕೆ ಯಾವ ನಂಬರ್ ನಂಬಬೇಕು? ಪ್ಲಸ್-ಮೈನಸ್ಸಾ, ಕಾರ್ಸಿನಾ, ಎಕ್ಸ್‌ಜಿನಾ, ವಾರ್‌ಆ?

ಮೈಸೂರಲ್ಲಿ ಐಸ್ ಹಾಕಿ ಯಾರ್ ನೋಡ್ತಾರೆ ಅನ್ಬೇಡಿ, ನೋಡೋರಿದಾರೆ. ಹೆಬ್ಬಾಳ್ ಕಡೆ ಆಫೀಸುಗಳಲ್ಲಿ ಕೆನಡಾ ಕ್ಲೈಂಟ್ ಜೊತೆ ಕೆಲಸ ಮಾಡೋ ಹುಡುಗರು, ಟೊರಾಂಟೊ ಕಡೆ ಅಣ್ಣ ತಮ್ಮಂದ್ರು ಸೆಟಲ್ ಆಗಿರೋ ಮನೆಯವರು, ಓದೋಕೆ ಅಲ್ಲಿಗೆ ಹೋಗಿ ವಾಪಸ್ ಬಂದು ಇಲ್ಲಿ ಸೇರ್ಕೊಂಡೋರು, ಇವರೆಲ್ಲ ಸೇರಿ ಫ್ಯಾಂಟಸಿ ಲೀಗ್ ಆಡ್ತಾರೆ, ವಾದ ಮಾಡ್ತಾರೆ. ಟೈಮಿಂಗೂ ನಮಗೆ ಒಗ್ಗುತ್ತೆ, ಚಳಿಗಾಲದಲ್ಲಿ ಅಲ್ಲಿ ಸಂಜೆ 7ರ ಆಟ ನಮಗೆ ಬೆಳಿಗ್ಗೆ 5.30ಕ್ಕೆ, ಹಾಲು ಕಾಯಿಸೋ ಹೊತ್ತಿಗೆ ಮೊದಲ್ನೇ ಪೀರಿಯಡ್ ಮುಗ್ದಿರುತ್ತೆ, ಕೆಲ್ಸಕ್ಕೆ ಹೊರಡೋ ಮುಂಚೆ ಆಟಾನೇ ಮುಗ್ದು ಫಲಿತಾಂಶ ಕೈಲಿರುತ್ತೆ. ಆಮೇಲೆ ಶುರು ನೋಡಿ ಮೆಸೇಜುಗಳು, ಅದರಲ್ಲಿ ಜಾಸ್ತಿ ಜಗಳ ಆಗೋದು ಡಿಫೆನ್ಸ್‌ಮನ್ ಬಗ್ಗೆನೇ.

ಯಾಕಂದ್ರೆ ಫಾರ್ವರ್ಡ್ ಚೆನ್ನಾಗಿ ಆಡ್ದ ಅಂತ ಹೇಳೋಕೆ ಗೋಲ್ ಇದೆ, ಅಸಿಸ್ಟ್ ಇದೆ. ಗೋಲ್‌ಕೀಪರಿಗೆ ಸೇವ್ ಪರ್ಸೆಂಟೇಜ್ ಇದೆ. ಡಿಫೆನ್ಸ್‌ಮನ್ ಕೆಲಸ ಏನು ಅಂದ್ರೆ ಏನೂ ಆಗದಂಗೆ ನೋಡ್ಕೊಳ್ಳೋದು, ಆಗದೇ ಇರೋದನ್ನ ಎಣಿಸೋದು ಹೆಂಗೆ ಹೇಳಿ. ನಮ್ ಪಕ್ಕದ ಕೊಡಗಿನ ವಿ.ಆರ್. ರಘುನಾಥ್ ಎಷ್ಟೋ ವರ್ಷ ಇಂಡಿಯಾ ಫೀಲ್ಡ್ ಹಾಕಿ ಟೀಮಲ್ಲಿ ಡಿಫೆಂಡರ್ ಆಗಿದ್ರು, ಆದ್ರೆ ಜನಕ್ಕೆ ಅವರು ಅಂದ್ರೆ ನೆನಪಾಗೋದು ಪೆನಾಲ್ಟಿ ಕಾರ್ನರಿನ ಡ್ರ್ಯಾಗ್ ಫ್ಲಿಕ್. ಐಸ್ ಮೇಲೂ ಅದೇ ಕತೆ, ಪಾಯಿಂಟ್ (ಗೋಲ್, ಅಸಿಸ್ಟ್ ಎರಡೂ ಸೇರಿ) ಹೊಡೆಯೋ ಡಿಫೆನ್ಸ್‌ಮನ್ ಹೆಸರು ಎಲ್ಲರಿಗೂ ಗೊತ್ತಿರುತ್ತೆ, ಎದುರಾಳಿಗೆ ಜಾಗನೇ ಕೊಡದೆ ಆಡೋನು ಎಷ್ಟೋ ವರ್ಷ ಯಾರ ಕಣ್ಣಿಗೂ ಬೀಳಲ್ಲ.

ನನ್ನ ಅಭಿಪ್ರಾಯ ಮೊದಲೇ ಹೇಳ್ಬಿಡ್ತೀನಿ. ಒಂದೇ ನಂಬರ್ ತಗೊಬೇಕು ಅಂತ ಹಠ ಹಿಡಿದ್ರೆ, 5 ಜನ ಎದುರು 5 ಜನ ಆಡುವಾಗಿನ ನಿರೀಕ್ಷಿತ ಗೋಲ್, ಅಂದ್ರೆ ಎಕ್ಸ್‌ಜಿ ತಗೊಳಿ, ಅದ್ರಲ್ಲೂ ಅವನು ಐಸ್ ಮೇಲೆ ಇದ್ದಾಗ ಎಷ್ಟು, ಅದೇ ಟೀಮು ಅವನಿಲ್ದೆ ಆಡ್ದಾಗ ಎಷ್ಟು ಅನ್ನೋ ವ್ಯತ್ಯಾಸ. ಅದರ ಜೊತೆ ಎರಡನೇದು ಬೇಕು ಅಂದ್ರೆ, ಪಕ್‌ನ (ಚೆಂಡಿನ ಬದಲು ಇರೋ ರಬ್ಬರ್ ಬಿಲ್ಲೆ) ತನ್ನ ಗೋಲ್ ಕಡೆಯ ಜೋನಿಂದ ಹೆಂಗೆ ಹೊರಗೆ ತರ್ತಾನೆ, ಬ್ಲೂ ಲೈನ್ ಹತ್ರ ಎದುರಾಳಿನ ಹೆಂಗೆ ತಡೀತಾನೆ ಅನ್ನೋ ಟ್ರ್ಯಾಕಿಂಗ್ ಲೆಕ್ಕ. ಮಿಕ್ಕಿದ್ದೆಲ್ಲ ಇವೆರಡರ ಹಿಂದೆ. ಯಾಕೆ ಅಂತ ಈಗ ಒಂದೊಂದಾಗಿ ನೋಡೋಣ.

ಹೊಸಬರಿಗೆ ಒಂದು ಸಣ್ಣ ವಿಷಯ. ಐಸ್ ಮೇಲೆ ಒಂದು ಸಲಕ್ಕೆ ಗೋಲ್‌ಕೀಪರ್ ಬಿಟ್ಟು 5 ಜನ, ಅದರಲ್ಲಿ ಸಾಮಾನ್ಯವಾಗಿ 2 ಡಿಫೆನ್ಸ್‌ಮನ್. ಒಂದು ಆಟಕ್ಕೆ ಟೀಮಿಗೆ 6 ಡಿಫೆನ್ಸ್‌ಮನ್, ಅಂದ್ರೆ 3 ಜೋಡಿ. 60 ನಿಮಿಷದ ಆಟದಲ್ಲಿ ಒಳ್ಳೆ ಡಿಫೆನ್ಸ್‌ಮನ್ 20ರಿಂದ 25 ನಿಮಿಷ ಆಡ್ತಾನೆ, ಅದೂ ಮುಕ್ಕಾಲು ನಿಮಿಷ, ಒಂದು ನಿಮಿಷದ ತುಂಡು ತುಂಡಾಗಿ, ಒಂದೊಂದು ತುಂಡಿಗೆ ಶಿಫ್ಟ್ ಅಂತಾರೆ. ಎರಡು ಬ್ಲೂ ಲೈನ್ ಸೇರಿ ರಿಂಕ್‌ನ ಮೂರು ಜೋನ್ ಮಾಡುತ್ತೆ. ಇಷ್ಟು ಸಾಕು.

ಪ್ಲಸ್-ಮೈನಸ್: ಹಳೇದು, ಸುಲಭ, ಆದ್ರೆ ನಂಬೋಕಾಗಲ್ಲ

ನೀವು ಐಸ್ ಮೇಲೆ ಇದ್ದಾಗ ನಿಮ್ಮ ಟೀಮ್ ಗೋಲ್ ಹೊಡೆದ್ರೆ ಒಂದು ಪ್ಲಸ್, ತಿಂದ್ರೆ ಒಂದು ಮೈನಸ್. ಪವರ್ ಪ್ಲೇಲಿ (ಎದುರಾಳಿ ಪೆನಾಲ್ಟಿಗೆ ಹೊರಗೆ ಕೂತು ನಮ್ಮೋರು ಒಬ್ಬ ಜಾಸ್ತಿ ಇದ್ದಾಗ) ಹೊಡೆದ ಗೋಲ್ ಲೆಕ್ಕಕ್ಕಿಲ್ಲ, ಅದೇ ಪವರ್ ಪ್ಲೇ ಆಡುವಾಗ ಎದುರಾಳಿ ಹೊಡೆದ್ಬಿಟ್ರೆ ಮೈನಸ್, ಗೋಲ್‌ಕೀಪರ್ ಎತ್ತಿ ಬದಲಿಗೆ ಇನ್ನೊಬ್ಬ ಆಟಗಾರನ್ನ ಇಳಿಸಿ ಖಾಲಿ ನೆಟ್ ಬಿಟ್ಟಾಗ ಬಿದ್ದ ಗೋಲೂ ಮೈನಸ್. ಎಪ್ಪತ್ತರ ದಶಕದ ಆಟಗಾರನ ಬಗ್ಗೆ ಮಾತಾಡ್ಬೇಕು ಅಂದ್ರೆ ಇದೊಂದೇ ಗತಿ, ಯಾಕಂದ್ರೆ ಆಗ ಶಾಟ್ ಅಟೆಂಪ್ಟ್ ಯಾರೂ ಬರೆದಿಟ್ಟಿಲ್ಲ, ನಮಗೆ ಸಾರ್ವಜನಿಕವಾಗಿ ಸಿಗೋ ಆ ಲೆಕ್ಕ ಶುರುವಾಗೋದು 2007-08ರ ಸೀಸನ್ನಿಂದ. ಬಾಸ್ಟನ್ನಿನ ಬಾಬಿ ಓರ್ 1970-71ರಲ್ಲಿ ಪ್ಲಸ್ 124, ಇವತ್ತಿಗೂ ಅದನ್ನ ಯಾರೂ ಮುಟ್ಟಿಲ್ಲ, ಅದೇ ವರ್ಷ ಡಿಫೆನ್ಸ್‌ಮನ್ ಆಗಿದ್ಕೊಂಡು 139 ಪಾಯಿಂಟ್ ಬೇರೆ. ಅಂಥ ಆಟಗಾರನಿಗೆ ಯಾವ ತಕ್ಕಡಿ ಇಟ್ರೂ ಭಾರನೇ ತೂಗುತ್ತೆ, ಅವನ ವಿಷಯದಲ್ಲಿ ತೊಂದರೆ ಇಲ್ಲ.

ತೊಂದರೆ ಇರೋದು ಮಧ್ಯದೋರ ವಿಷಯದಲ್ಲಿ. 2009-10ರಲ್ಲಿ ಇಡೀ ಎನ್‌ಎಚ್‌ಎಲ್‌ಗೆ (ಅಮೆರಿಕ, ಕೆನಡಾದ ದೊಡ್ಡ ಐಸ್ ಹಾಕಿ ಲೀಗ್) ಪ್ಲಸ್-ಮೈನಸ್‌ನಲ್ಲಿ ಫಸ್ಟ್ ಬಂದಿದ್ದು ಯಾರು ಗೊತ್ತಾ, ವಾಷಿಂಗ್ಟನ್ ಕ್ಯಾಪಿಟಲ್ಸ್‌ನ ಜೆಫ್ ಶುಲ್ಟ್ಜ್, ಪ್ಲಸ್ 50. ಆ ವರ್ಷ ಆ ಟೀಮಿನ ಸ್ಟಾರ್ ಫಾರ್ವರ್ಡ್ ಒವೆಚ್ಕಿನ್ ಬಳಗ ಲೀಗಲ್ಲೇ ಎಲ್ಲರಿಗಿಂತ ಜಾಸ್ತಿ ಗೋಲ್ ಹೊಡೀತಿತ್ತು, ಪಕ್ಕದಲ್ಲಿ ಮೈಕ್ ಗ್ರೀನ್ ಥರ ಗೋಲ್ ಹೊಡೆಯೋ ಡಿಫೆನ್ಸ್‌ಮನ್, ಐಸ್ ಮೇಲೆ ನಿಂತಿದ್ದಕ್ಕೇ ಪ್ಲಸ್ ಬೀಳ್ತಿತ್ತು. ಶುಲ್ಟ್ಜ್ ಕೆಟ್ಟ ಆಟಗಾರ ಅಲ್ಲ, ಶಾಂತವಾಗಿ ತನ್ನ ಕೆಲಸ ಮಾಡ್ತಿದ್ದೋನೇ, ಆದ್ರೆ ಲೀಗಿಗೇ ಫಸ್ಟ್ ಅನ್ನೋದನ್ನ ಆ ಟೀಮೇ ನಂಬಲಿಲ್ಲ ಅನ್ಸುತ್ತೆ, 2013ರಲ್ಲಿ ಅವನ ಕಾಂಟ್ರಾಕ್ಟ್‌ನ ದುಡ್ಡು ಕೊಟ್ಟು ಮುಗಿಸಿ ಕಳಿಸಿಬಿಟ್ರು.

ಉಲ್ಟಾ ಕೇಸ್ ಬೇಕಾ, ಎರಿಕ್ ಕಾರ್ಲ್‌ಸನ್. 2022-23ರಲ್ಲಿ ಸ್ಯಾನ್ ಹೋಸೆ ಶಾರ್ಕ್ಸ್‌ಗೆ 25 ಗೋಲ್, 76 ಅಸಿಸ್ಟ್, ಒಟ್ಟು 101 ಪಾಯಿಂಟ್, 1991-92ರ ಬ್ರಯನ್ ಲೀಚ್ ಆದ್ಮೇಲೆ ನೂರು ದಾಟಿದ ಮೊದಲ ಡಿಫೆನ್ಸ್‌ಮನ್, ವರ್ಷದ ಬೆಸ್ಟ್ ಡಿಫೆನ್ಸ್‌ಮನ್‌ಗೆ ಕೊಡೋ ನಾರಿಸ್ ಟ್ರೋಫಿನೂ ಅವನಿಗೇ ಬಂತು. ಪ್ಲಸ್-ಮೈನಸ್ ನೋಡಿದ್ರೆ ಮೈನಸ್ 26! ಟೀಮ್ 82 ಆಟದಲ್ಲಿ ಗೆದ್ದಿದ್ದು 22, ಹಿಂದೆ ಬಿದ್ದಾಗೆಲ್ಲ ಖಾಲಿ ನೆಟ್ ಬಿಟ್ಟು ಇವನನ್ನ ಇಳಿಸೋರು, ಪವರ್ ಪ್ಲೇಲಿ ದುಡಿದಿದ್ದು ಲೆಕ್ಕಕ್ಕೇ ಬರಲ್ಲ. ಹಾಗಂತ ಅವನು ಡಿಫೆನ್ಸಲ್ಲಿ ಗೋಡೆ ಅಂತ ನಾನು ಹೇಳ್ತಿಲ್ಲ, ಅವನ ಆಟದಲ್ಲಿ ತನ್ನ ಗೋಲ್ ಮುಂದೆ ಸಡಿಲ ಇದೆ, ಅದು ನಿಜ. ಆದ್ರೆ ಎಷ್ಟು ಸಡಿಲ ಅಂತ ಮೈನಸ್ 26 ನಿಮಗೆ ಹೇಳಲ್ಲ.

ಶುಲ್ಟ್ಜ್ ಮತ್ತೆ ಕಾರ್ಲ್‌ಸನ್ ಇಬ್ಬರನ್ನ ಪಕ್ಕಪಕ್ಕ ಇಟ್ಟು ನೋಡಿ, ಈ ನಂಬರ್ ಮೇಲೆ ದುಡ್ಡು ಹಾಕ್ತೀರಾ? ನಾನಂತೂ ಹಾಕಲ್ಲ.

ಹಿಟ್, ಬ್ಲಾಕ್, ಗಿವ್‌ಅವೇ

ಇದನ್ನ ಬೇಗ ಮುಗಿಸ್ತೀನಿ. ಶಾಟ್ ಬ್ಲಾಕ್ ಮಾಡೋದು ಧೈರ್ಯದ ಕೆಲಸ, ಪಾದದ ಮೂಳೆ ಮುರ್ಕೊಂಡೋರಿದಾರೆ, ಅದಕ್ಕೆ ಮರ್ಯಾದೆ ಕೊಡ್ಲೇಬೇಕು. ಆದ್ರೆ ಒಬ್ಬನ ಹೆಸರಲ್ಲಿ ಬ್ಲಾಕ್ ಜಾಸ್ತಿ ಇದೆ ಅಂದ್ರೆ ಅವನಿದ್ದಾಗ ಪಕ್ ಅವನ ಜೋನಲ್ಲೇ ಜಾಸ್ತಿ ಹೊತ್ತು ಇತ್ತು ಅಂತಲೂ ಅರ್ಥ. ಹಿಟ್ಟೂ ಹಂಗೇ, ಪಕ್ ಎದುರಾಳಿ ಹತ್ರ ಇದ್ರೆ ತಾನೇ ನೀವು ಗುದ್ದೋದು. ಗಿವ್‌ಅವೇ ಲಿಸ್ಟಲ್ಲಿ ಮೇಲಿರೋರು ಬಹಳಷ್ಟು ಸಲ ಒಳ್ಳೆ ಆಟಗಾರರೇ, ಪಕ್ ಸದಾ ಅವರ ಕೋಲಲ್ಲೇ ಇರುತ್ತೆ, ಅದಕ್ಕೆ ಕಳ್ಕೊಳ್ಳೋದೂ ಜಾಸ್ತಿ. ಇದರ ಮೇಲೆ ಊರಿಂದ ಊರಿಗೆ ಸ್ಕೋರರ್ ಕೈ ಬೇರೆ, ಒಂದು ರಿಂಕಲ್ಲಿ ಮೈ ತಾಗಿದ್ರೂ ಹಿಟ್ ಬರೀತಾರೆ, ಇನ್ನೊಂದು ಕಡೆ ಬರೆಯಲ್ಲ. ಫ್ಯಾಂಟಸಿ ಲೀಗಿಗೆ ಈ ನಂಬರ್ ಬೇಕೇ ಬೇಕು, ಅದಕ್ಕೆ ಕೊನೇಲಿ ಬರ್ತೀನಿ.

ಕಾರ್ಸಿ, ಫೆನ್ವಿಕ್: ಪಕ್ ಯಾರ ಕಡೆ ಇತ್ತು ಅನ್ನೋ ಲೆಕ್ಕ

ಗೋಲ್ ಅನ್ನೋದು ಅಪರೂಪ, ಒಂದು ಆಟಕ್ಕೆ ಎರಡೂ ಕಡೆ ಸೇರಿ ಆರೇಳು. ಅದಕ್ಕೇ ಗೋಲ್ ಬದಲು ಶಾಟ್ ಅಟೆಂಪ್ಟ್ ಎಣಿಸೋಣ ಅಂತ ಶುರುವಾಗಿದ್ದು ಕಾರ್ಸಿ. ಗೋಲ್‌ಕೀಪರಿಗೆ ಮುಟ್ಟಿದ್ದು, ಹೊರಗೆ ಹೋಗಿದ್ದು, ಮಧ್ಯದಲ್ಲಿ ಬ್ಲಾಕ್ ಆಗಿದ್ದು ಎಲ್ಲ ಸೇರಿ. ಹೆಸರು ಬಂದಿದ್ದು ಬಫಲೊ ಸೇಬರ್ಸ್‌ನ ಆಗಿನ ಗೋಲ್‌ಕೀಪಿಂಗ್ ಕೋಚ್ ಜಿಮ್ ಕಾರ್ಸಿ ಅವರಿಂದ, ಗೋಲ್‌ಕೀಪರಿಗೆ ಎಷ್ಟು ಕೆಲಸ ಬೀಳುತ್ತೆ ಅಂತ ನೋಡೋಕೆ ಅವರು ಎಣಿಸ್ತಿದ್ರು. ಬ್ಲಾಕ್ ಆಗಿದ್ದನ್ನ ಬಿಟ್ಟು ಎಣಿಸಿದ್ರೆ ಫೆನ್ವಿಕ್, ಮ್ಯಾಟ್ ಫೆನ್ವಿಕ್ ಹೆಸರಲ್ಲಿ.

ಲೆಕ್ಕ ಹಿಂಗೆ. ಒಬ್ಬ ಡಿಫೆನ್ಸ್‌ಮನ್ ಐಸ್ ಮೇಲಿದ್ದಾಗ ನಮ್ಮೋರದ್ದು 24 ಅಟೆಂಪ್ಟ್, ಅವರದ್ದು 16 ಅಂದ್ರೆ ಒಟ್ಟು 40ರಲ್ಲಿ 24, ಕಾರ್ಸಿ 60%. ಒಂದು ಆಟದಲ್ಲಿ ಇದು ಆಗುತ್ತೆ, ಸೀಸನ್ ಪೂರ್ತಿ 55% ಇಟ್ಕೊಂಡೋನು ಅಂದ್ರೆ ಭಾರಿ ಆಟಗಾರ.

ಇದರ ದೊಡ್ಡ ಗುಣ ಅಂದ್ರೆ ಬೇಗ ಸ್ಥಿರ ಆಗುತ್ತೆ, ಅದೃಷ್ಟ ಕಮ್ಮಿ ಆಟ ಆಡುತ್ತೆ. 2013-14ರಲ್ಲಿ ಕೊಲೊರಾಡೊ ಅವಲಾಂಚ್ ಲೀಗ್ ಟೇಬಲ್ಲಲ್ಲಿ 112 ಪಾಯಿಂಟ್ ತಗೊಂಡು ಮೆರೀತಿದ್ದಾಗ ಕಾರ್ಸಿ ನೋಡ್ತಿದ್ದೋರು ಇದು ನಿಲ್ಲಲ್ಲ ಅಂತಿದ್ರು, ಮುಂದಿನ ವರ್ಷ 90ಕ್ಕೆ ಇಳಿದು ಪ್ಲೇಆಫ್ ಕೈತಪ್ತು. ಅದೇ 2011-12ರ ಲಾಸ್ ಏಂಜಲೀಸ್ ಕಿಂಗ್ಸ್ ಎಂಟನೇ ಸ್ಥಾನದಲ್ಲಿ ತೆವಳ್ಕೊಂಡು ಒಳಗೆ ಬಂದ್ರೂ ಪಕ್ ಮಾತ್ರ ಅವರ ಹತ್ರನೇ ಇರ್ತಿತ್ತು, ಕಪ್ ಹೊಡೆದ್ರು. ಟೀಮಿನ ವಿಷಯದಲ್ಲಿ ಕಾರ್ಸಿ ಒಳ್ಳೆ ಸಾಕ್ಷಿ.

ಡಿಫೆನ್ಸ್‌ಮನ್ ವಿಷಯಕ್ಕೆ ಬಂದ್ರೆ ಎರಡು ಎಡವಟ್ಟು. ಒಂದು, ಎಲ್ಲ ಅಟೆಂಪ್ಟೂ ಒಂದೇ ಬೆಲೆ, ಬ್ಲೂ ಲೈನ್ ಹತ್ರದಿಂದ ಸುಮ್ನೆ ಎಸೆದಿದ್ದೂ ಒಂದು, ನೆಟ್ ಮುಂದೆ ನಿಂತು ಹೊಡೆದಿದ್ದೂ ಒಂದು. ಒಳ್ಳೆ ಡಿಫೆನ್ಸ್‌ಮನ್ ಕೆಲವರು ದೂರದ ಶಾಟ್ ಬೇಕಾದ್ರೆ ಹೊಡ್ಕೊಳಿ ಅಂತ ಬಿಟ್ಟು ಮಧ್ಯದ ಜಾಗ ಮಾತ್ರ ಬಿಗಿಯಾಗಿ ಕಾಯ್ತಾರೆ, ಅಂಥೋರ ಕಾರ್ಸಿ ಸುಮಾರಾಗಿ ಕಾಣುತ್ತೆ. ಎರಡು, ಸ್ಕೋರ್ ಪರಿಣಾಮ. ಮುಂದಿರೋ ಟೀಮು ಹಿಂದಕ್ಕೆ ಕೂರುತ್ತೆ, ಹಿಂದಿರೋ ಟೀಮು ಸಿಕ್ಕ ಸಿಕ್ಕ ಕಡೆಯಿಂದ ಹೊಡೆಯುತ್ತೆ, ಹಂಗಾಗಿ ಗೆಲ್ಲೋ ಟೀಮಲ್ಲಿ ಕೊನೇ ಹತ್ತು ನಿಮಿಷ ಕಾಯೋ ಡಿಫೆನ್ಸ್‌ಮನ್‌ಗೆ ಅನ್ಯಾಯ. ಇದಕ್ಕೆ ಸ್ಕೋರ್ ಅಡ್ಜಸ್ಟೆಡ್ ಅಂತ ಒಂದು ಆಯ್ಕೆ ಇರುತ್ತೆ, ನ್ಯಾಚುರಲ್ ಸ್ಟ್ಯಾಟ್ ಟ್ರಿಕ್ ಅನ್ನೋ ವೆಬ್‌ಸೈಟಲ್ಲಿ ಅದನ್ನ ಆರಿಸ್ಕೊಳಿ, ಸುಮ್ನೆ ಬರೀ ಕಾರ್ಸಿ ನೋಡ್ಬೇಡಿ.

ಎಕ್ಸ್‌ಜಿ: ಎಷ್ಟು ಶಾಟ್ ಅಲ್ಲ, ಎಂಥ ಶಾಟ್

ಎಕ್ಸ್‌ಜಿ ಅಂದ್ರೆ ನಿರೀಕ್ಷಿತ ಗೋಲ್. ಶಾಟ್ ಎಲ್ಲಿಂದ ಬಂತು, ಯಾವ ಕೋನ, ರಿಸ್ಟ್ ಶಾಟಾ ಸ್ಲ್ಯಾಪ್ ಶಾಟಾ, ರಿಬೌಂಡಾ, ವೇಗವಾಗಿ ನುಗ್ಗಿ ಬಂದ ದಾಳಿನಾ, ಇದೆಲ್ಲ ನೋಡಿ ಇಂಥ ಶಾಟ್ ಹಿಂದೆ ಎಷ್ಟು ಸಲ ಗೋಲ್ ಆಗಿದೆ ಅಂತ ಲೆಕ್ಕ ಹಾಕಿ ಒಂದು ಬೆಲೆ ಕೊಡ್ತಾರೆ. ಹತ್ತರಲ್ಲಿ ಒಂದು ಸಲ ಗೋಲ್ ಆಗೋ ಥರದ್ದಾದ್ರೆ 0.10. ಒಬ್ಬ ಡಿಫೆನ್ಸ್‌ಮನ್ ಆಡುವಾಗ ಎದುರಾಳಿ ಹೊಡೆದ ಶಾಟುಗಳ ಬೆಲೆ ಕೂಡಿಸಿ, 60 ನಿಮಿಷಕ್ಕೆ ಎಷ್ಟು ಅಂತ ಮಾಡಿದ್ರೆ ಅವನು ಎಷ್ಟು ಅಪಾಯ ಬಿಟ್ಕೊಡ್ತಾನೆ ಅಂತ ಬರುತ್ತೆ.

ಇದು ಡಿಫೆನ್ಸ್‌ಮನ್‌ಗೆ ಯಾಕೆ ಸರಿಹೊಂದುತ್ತೆ ಅಂದ್ರೆ ಗೋಲ್‌ಕೀಪರ್‌ನ ಪಕ್ಕಕ್ಕೆ ಇಟ್ಟುಬಿಡುತ್ತೆ. ಇದು ಬಹಳ ಮುಖ್ಯ, ಸ್ವಲ್ಪ ನಿಂತು ಯೋಚ್ನೆ ಮಾಡಿ. ನೀವು ಐಸ್ ಮೇಲಿದ್ದಾಗ ನಿಮ್ಮ ಗೋಲ್‌ಕೀಪರ್ ಎಷ್ಟು ಪರ್ಸೆಂಟ್ ತಡೆದ ಅನ್ನೋದು ಒಂದು ವರ್ಷ 94 ಇರುತ್ತೆ, ಮುಂದಿನ ವರ್ಷ 89 ಇರುತ್ತೆ, ಆಡಿದ್ದು ನೀವೇ, ನಿಮ್ಮ ಆಟನೂ ಅದೇ. ಡಿಫೆನ್ಸ್‌ಮನ್ ಕೈಲಿರೋದು ಶಾಟ್ ಬರೋದನ್ನ, ಹತ್ರದಿಂದ ಬರೋದನ್ನ ತಡೆಯೋದು, ಬಂದ ಶಾಟ್ ಒಳಗೆ ಹೋಗೋದು ಬಿಡೋದು ಬಹುತೇಕ ಅವನ ಕೈಲಿಲ್ಲ. ಇದನ್ನೇ ಹಿಡ್ಕೊಂಡು ಪಿಡಿಒ ಅಂತ ಒಂದು ನಂಬರ್ ಇದೆ, ತನ್ನ ಟೀಮಿನ ಶೂಟಿಂಗ್ ಪರ್ಸೆಂಟೇಜ್ ಮತ್ತೆ ಸೇವ್ ಪರ್ಸೆಂಟೇಜ್ ಕೂಡಿಸೋದು ಅಷ್ಟೇ, ಇಡೀ ಲೀಗಿಗೆ ಅದು 100ರಲ್ಲಿ ನಿಲ್ಲುತ್ತೆ. ಯಾರದ್ದಾದ್ರೂ 103, 104 ಕಂಡ್ರೆ ಅವನ ಪ್ಲಸ್-ಮೈನಸ್ ನೋಡಿ ಮರುಳಾಗ್ಬೇಡಿ, 97 ಕಂಡ್ರೆ ಅವನನ್ನ ಬೈಯ್ಬೇಡಿ.

ಎಕ್ಸ್‌ಜಿಗೂ ಮಿತಿ ಇದೆ. ಸಾರ್ವಜನಿಕವಾಗಿ ಸಿಗೋ ಮಾಡೆಲ್‌ಗಳಿಗೆ ಶಾಟ್‌ಗಿಂತ ಮುಂಚೆ ಬಂದ ಪಾಸ್ ಕಾಣಲ್ಲ. ಎಡಗಡೆಯಿಂದ ಬಲಗಡೆಗೆ ಅಡ್ಡ ಪಾಸ್ ಕೊಟ್ಟು ಗೋಲ್‌ಕೀಪರ್ ಪಕ್ಕಕ್ಕೆ ಜಾರೋ ಹೊತ್ತಿಗೆ ಹೊಡೆಯೋ ಶಾಟಿಗೂ, ನಿಂತಲ್ಲಿಂದ ಹೊಡೆದ ಶಾಟಿಗೂ ಒಂದೇ ಬೆಲೆ ಬೀಳಬಹುದು. ಆ ಅಡ್ಡ ಪಾಸ್‌ನ ಕೋಲು ಚಾಚಿ ಕಡಿಯೋದೇ ಒಬ್ಬನ ವಿಶೇಷ ಆದ್ರೆ ಅವನಿಗೆ ಸಿಗ್ಬೇಕಾದ ಮಾರ್ಕ್ಸ್ ಪೂರ್ತಿ ಸಿಗಲ್ಲ. ಬ್ಲಾಕ್ ಆದ ಶಾಟ್ ವಿಷಯದಲ್ಲೂ ತೊಡಕು, ಎನ್‌ಎಚ್‌ಎಲ್ ಲೆಕ್ಕದಲ್ಲಿ ಬ್ಲಾಕ್ ಆದ ಜಾಗ ಬರೆದಿರ್ತಾರೆ, ಹೊಡೆದ ಜಾಗ ಅಲ್ಲ, ಹಂಗಾಗಿ ಬಹಳ ಮಾಡೆಲ್‌ಗಳು ಅದನ್ನ ಬಿಟ್ಟೇಬಿಡ್ತವೆ. ಮನಿಪಕ್ ಅನ್ನೋ ಸೈಟ್ ಒಂದು ಹೇಳುತ್ತೆ, ಎವಾಲ್ವಿಂಗ್ ಹಾಕಿ ಅನ್ನೋ ಸೈಟ್ ಇನ್ನೊಂದು ಹೇಳುತ್ತೆ, ಸಣ್ಣ ವ್ಯತ್ಯಾಸಕ್ಕೆ ತಲೆ ಕೆಡಿಸ್ಕೊಬೇಡಿ, ಎರಡೂ ಕಡೆ ಒಬ್ಬ ಮೇಲಿದ್ರೆ ಅವನು ಮೇಲೇ.

ಜೊತೆಗಾರ ಯಾರು, ಕೋಚ್ ಯಾವಾಗ ಇಳಿಸ್ತಾನೆ

ಹಿಟ್, ಬ್ಲಾಕ್, ಗಿವ್‌ಅವೇ ಬಿಟ್ರೆ ಇಲ್ಲಿವರೆಗೆ ಹೇಳಿದ ಎಲ್ಲ ನಂಬರಿಗೂ ಒಂದೇ ರೋಗ, ಐಸ್ ಮೇಲಿದ್ದ ಐದೂ ಜನಕ್ಕೆ ಒಂದೇ ಮಾರ್ಕ್ಸ್. ನಮ್ ಮಂಡ್ಯದ ವಿ.ಸಿ. ನಾಲೆ ಲೆಕ್ಕ ಇದು, ಪಾಂಡವಪುರ ಕಡೆ ನಾಲೆ ಶುರುವಲ್ಲಿ ಇರೋ ಗದ್ದೆ ಇಳುವರಿನೂ ಮಳವಳ್ಳಿ ಕಡೆ ಕೊನೆಭಾಗದ ಗದ್ದೆ ಇಳುವರಿನೂ ಪಕ್ಕಪಕ್ಕ ಬರೆದು ಇವನು ಒಳ್ಳೆ ರೈತ ಅವನಲ್ಲ ಅಂದ್ರೆ ಯಾರಾದ್ರೂ ಒಪ್ತಾರಾ, ನೀರು ಎಷ್ಟು ಬಂತು ಅಂತ ಮೊದಲು ಕೇಳಲ್ವಾ. ಇಲ್ಲೂ ನೀರು ಅಂದ್ರೆ ಜೊತೆಗಾರ, ಮುಂದೆ ಆಡೋ ಫಾರ್ವರ್ಡುಗಳು, ಎದುರಾಳಿ, ಎಲ್ಲಿಂದ ಆಟ ಶುರು ಮಾಡ್ತಾನೆ ಅನ್ನೋದು.

ಇದರಲ್ಲಿ ಯಾವುದು ಜಾಸ್ತಿ ಮುಖ್ಯ ಅನ್ನೋದ್ರಲ್ಲಿ ಜನ ಎಡವ್ತಾರೆ. ಜೋನ್ ಸ್ಟಾರ್ಟ್ ಬಗ್ಗೆ ಬಹಳ ಮಾತಾಡ್ತಾರೆ, ಇವನನ್ನ ಕೋಚ್ ಯಾವಾಗ್ಲೂ ತನ್ನ ಜೋನಲ್ಲೇ ಫೇಸ್‌ಆಫ್‌ಗೆ (ಪಕ್ ಬೀಳಿಸಿ ಆಟ ಮತ್ತೆ ಶುರು ಮಾಡೋದು) ಇಳಿಸ್ತಾನೆ ಪಾಪ ಅಂತ. ಆದ್ರೆ ಅರ್ಧಕ್ಕಿಂತ ಜಾಸ್ತಿ ಶಿಫ್ಟ್ ಶುರುವಾಗೋದು ಆಟ ನಡೀತಿರುವಾಗ್ಲೇ ಬೆಂಚಿಂದ ಹಾರಿ, ಫೇಸ್‌ಆಫಿಂದ ಅಲ್ಲ. ಎದುರಾಳಿ ಗುಣಮಟ್ಟನೂ 82 ಆಟ ಕಳೆಯೋ ಹೊತ್ತಿಗೆ ಸುಮಾರಾಗಿ ಸಮ ಆಗುತ್ತೆ, ಎಲ್ಲರೂ ಎಲ್ಲರ ಎದುರೂ ಸ್ವಲ್ಪ ಸ್ವಲ್ಪ ಆಡಿರ್ತಾರೆ. ಸಮ ಆಗದೇ ಉಳಿಯೋದು ಜೊತೆಗಾರ. ವರ್ಷ ಪೂರ್ತಿ ಒಬ್ಬ ದೊಡ್ಡ ಆಟಗಾರನ ಪಕ್ಕ ನಿಂತೋನ ನಂಬರು ಅವನ ಒಬ್ಬನದ್ದಲ್ಲ. ಹಂಗಾಗಿ ಇಬ್ಬರೂ ಜೊತೆಗಿದ್ದಾಗ ಎಷ್ಟು, ಇವನೊಬ್ಬನೇ ಬೇರೆಯವರ ಜೊತೆ ಆಡ್ದಾಗ ಎಷ್ಟು, ಅವನು ಇವನಿಲ್ದೆ ಆಡ್ದಾಗ ಎಷ್ಟು, ಈ ಮೂರೂ ನೋಡ್ಬೇಕು, ನ್ಯಾಚುರಲ್ ಸ್ಟ್ಯಾಟ್ ಟ್ರಿಕ್‌ನ ಲೈನ್ ಟೂಲಲ್ಲಿ ಎರಡು ಹೆಸರು ಹಾಕಿದ್ರೆ ಬರುತ್ತೆ. ಜೊತೆ ಬಿಟ್ಟ ಮೇಲೆ ಯಾರ ನಂಬರ್ ಕುಸೀತು ಅಂತ ನೋಡಿದ್ರೆ ಭಾರ ಹೊತ್ತಿದ್ದು ಯಾರು ಅಂತ ಗೊತ್ತಾಗ್ಬಿಡುತ್ತೆ.

ಪಕ್ ಹೊರಗೆ ಹೆಂಗೆ ಬರುತ್ತೆ: ನನಗೆ ತುಂಬ ಇಷ್ಟದ ಲೆಕ್ಕ

ಒಂದು ಆಟ ಕಣ್ಮುಂದೆ ತಂದ್ಕೊಳಿ. ಎದುರಾಳಿ ಪಕ್‌ನ ಮೂಲೆಗೆ ಎಸೆದ. ನಮ್ಮ ಡಿಫೆನ್ಸ್‌ಮನ್ ಬೆನ್ನು ತಿರುಗಿಸಿ ಗೋಡೆ ಕಡೆ ಓಡ್ತಿದಾನೆ, ಹಿಂದಿಂದ ಒಬ್ಬ ಫೋರ್‌ಚೆಕ್ಕರ್, ಅಂದ್ರೆ ಪಕ್ ಕಿತ್ಕೊಳ್ಳೋಕೆ ಬಂದ ಎದುರಾಳಿ, ಮೈಮೇಲೆ ಬರ್ತಿದಾನೆ. ಪಕ್ ಮುಟ್ಟೋಕೆ ಮುಂಚೆ ಒಳ್ಳೆಯೋನು ಏನ್ ಮಾಡ್ತಾನೆ, ಬಲ ಭುಜದ ಮೇಲಿಂದ ಒಂದು ಸಲ, ಎಡ ಭುಜದ ಮೇಲಿಂದ ಒಂದು ಸಲ ಹಿಂದೆ ನೋಡ್ತಾನೆ, ಯಾರು ಎಲ್ಲಿದಾರೆ ಅಂತ ತಲೇಲಿ ಚಿತ್ರ ಇಟ್ಕೊತಾನೆ, ಒಂದು ಕಡೆ ಹೋಗೋ ಥರ ಭುಜ ಬಗ್ಗಿಸ್ತಾನೆ, ಬಂದೋನು ಆ ಕಡೆ ವಾಲಿದ ತಕ್ಷಣ ಈ ಕಡೆ ತಿರುಗಿ ಮಧ್ಯದಲ್ಲಿ ಇಳಿದು ಬರ್ತಿರೋ ಸೆಂಟರ್ ಆಟಗಾರನ ಕೋಲಿಗೆ ಚಪ್ಪಟೆ ಪಾಸ್. ಎರಡು ಸೆಕೆಂಡಲ್ಲಿ ಆಟ ಆ ಕಡೆ ಹೋಯ್ತು. ಸಾಮಾನ್ಯದೋನು ಏನ್ ಮಾಡ್ತಾನೆ, ಹಿಂದೆ ನೋಡಲ್ಲ, ಗಾಬರಿಲಿ ಪಕ್‌ನ ಗಾಜಿಗೆ ಬಡಿದು ಹೊರಗೆ ಎಸೀತಾನೆ. ಜೋನಿಂದ ಹೊರಗೆ ಹೋಯ್ತು ನಿಜ, ಆದ್ರೆ ಬ್ಲೂ ಲೈನಿಂದ ಆಚೆ ಎದುರಾಳಿನೇ ಎತ್ಕೊಂಡ, ಹತ್ತು ಸೆಕೆಂಡಲ್ಲಿ ವಾಪಸ್ ಬಂದ. ಬಾಕ್ಸ್ ಸ್ಕೋರಲ್ಲಿ ಇಬ್ಬರಿಗೂ ಏನೂ ಬರೆಯಲ್ಲ, ಸೊನ್ನೆ ಸೊನ್ನೆ.

ಈ ವ್ಯತ್ಯಾಸನ ಎಣಿಸೋದೇ ಜೋನ್ ಎಕ್ಸಿಟ್ ಲೆಕ್ಕ. ಹೊರಗೆ ಬಂದಾಗ ಪಕ್ ನಮ್ಮ ಹತೋಟಿಲಿತ್ತಾ ಇಲ್ವಾ, ಇದನ್ನ ಆಲ್ ತ್ರೀ ಜೋನ್ಸ್ ಅನ್ನೋ ಪ್ರಾಜೆಕ್ಟಲ್ಲಿ ಆಟದ ವಿಡಿಯೋ ನೋಡಿ ನೋಡಿ ಕೈಯಲ್ಲೇ ಬರೀತಾರೆ, ಆ ಶ್ರಮಕ್ಕೆ ಕೈ ಮುಗೀಬೇಕು. ಈ ಟ್ರ್ಯಾಕಿಂಗ್ ಲೆಕ್ಕದ ಇನ್ನೊಂದು ಅರ್ಧ ಅಂದ್ರೆ ಬ್ಲೂ ಲೈನ್ ಕಾಯೋದು. ಎದುರಾಳಿ ಪಕ್ ಹಿಡ್ಕೊಂಡು ಒಳಗೆ ನುಗ್ಗಿದ್ರೆ, ಅದೇ ಪಕ್‌ನ ಒಳಗೆ ಎಸೆದು ಅಟ್ಟಿಸ್ಕೊಂಡು ಬರೋದಕ್ಕಿಂತ ಎರಡು ಪಟ್ಟಿಗೂ ಜಾಸ್ತಿ ಶಾಟ್ ಹುಟ್ಟುತ್ತೆ ಅಂತ ಎರಿಕ್ ಟಲ್ಸ್ಕಿ ಮತ್ತೆ ಜೊತೆಯೋರು ಲೆಕ್ಕ ಹಾಕಿ ತೋರಿಸಿದ್ರು. ಕೆಮಿಸ್ಟ್ರಿಲಿ ಡಾಕ್ಟರೇಟ್ ಮಾಡಿದ್ದ ಮನುಷ್ಯ, ಬಿಡುವಲ್ಲಿ ಹಾಕಿ ಲೆಕ್ಕ ಬರೀತಿದ್ದೋರು, 2024ರಲ್ಲಿ ಕ್ಯಾರೊಲೈನಾ ಹರಿಕೇನ್ಸ್‌ನ ಜನರಲ್ ಮ್ಯಾನೇಜರ್ ಆದ್ರು. ಅಂದ್ರೆ ಡಿಫೆನ್ಸ್‌ಮನ್ ಎದುರಾಳಿಗೆ ಅಂತರ ಕೊಡ್ದೆ ಹತ್ರ ನಿಂತು, ನೀನು ಎಸೀಲೇಬೇಕು ಅನ್ನೋ ಸ್ಥಿತಿಗೆ ತಂದ್ರೆ ಅರ್ಧ ಅಪಾಯ ಬ್ಲೂ ಲೈನಲ್ಲೇ ಮುಗೀತು.

ಅದೇ ಕ್ಯಾರೊಲೈನಾದ ಜೇಕಬ್ ಸ್ಲೇವಿನ್ ಈ ಥರದ ಆಟಕ್ಕೆ ನಾನು ತೋರ್ಸೋ ಹೆಸರು. ಉದ್ದ ಕೈ, ಕೋಲು ಸದಾ ಐಸ್ ಮೇಲೆ, ಮೈಗೆ ಮೈ ಗುದ್ದೋದು ಕಮ್ಮಿ, ಪೆನಾಲ್ಟಿ ತಗೊಳ್ಳೋದಂತೂ ಇಲ್ವೇ ಇಲ್ಲ ಅನ್ನೋಷ್ಟು ಕಮ್ಮಿ. ಸಭ್ಯ ಆಟಕ್ಕೆ ಕೊಡೋ ಲೇಡಿ ಬಿಂಗ್ ಟ್ರೋಫಿ ಡಿಫೆನ್ಸ್‌ಮನ್‌ಗೆ ಬರೋದೇ ಅಪರೂಪ, ಅವನಿಗೆ 2021 ಮತ್ತೆ 2024ರಲ್ಲಿ ಎರಡು ಸಲ ಬಂತು. ನಾರಿಸ್ ಮಾತ್ರ 2025ರವರೆಗೂ ಬಂದಿಲ್ಲ, ಅದು ಪಾಯಿಂಟ್ ಹೊಡೆಯೋರಿಗೆ ಹೋಗುತ್ತೆ, 2024ರಲ್ಲಿ 92 ಪಾಯಿಂಟಿನ ಕ್ವಿನ್ ಹ್ಯೂಸ್, 2025ರಲ್ಲಿ 30 ಗೋಲ್ ಹೊಡೆದ ಕೇಲ್ ಮಕಾರ್. ಅವರಿಬ್ಬರೂ ಅರ್ಹರೇ, ಪಕ್ ಹೊರಗೆ ತರೋದ್ರಲ್ಲೂ ಅವರನ್ನ ಮೀರಿಸೋರು ಕಮ್ಮಿ. ಆದ್ರೆ ಹಿಂದೆ 1983ರಲ್ಲಿ ಬರೀ 3 ಗೋಲ್ ಹೊಡೆದ ರಾಡ್ ಲ್ಯಾಂಗ್ವೇಗೆ ನಾರಿಸ್ ಕೊಟ್ಟಿದ್ರು, ಮುಂದಿನ ವರ್ಷನೂ ಅವನಿಗೇ, ಆ ಕಣ್ಣು ಈಗಿನ ಮತದಾರರಿಗೆ ಕಮ್ಮಿ ಆಗಿದೆ ಅಂತ ನನಗೆ ನಿಜವಾಗ್ಲೂ ಬೇಜಾರಿದೆ.

ಈ ಟ್ರ್ಯಾಕಿಂಗ್ ಲೆಕ್ಕದ ಕೊರತೆ ಏನಂದ್ರೆ ಎಲ್ಲ ಆಟನೂ ಟ್ರ್ಯಾಕ್ ಆಗಿರಲ್ಲ, ಒಬ್ಬ ಆಟಗಾರನದ್ದು ಸೀಸನ್ನಿನ ಒಂದು ಭಾಗ ಮಾತ್ರ ಸಿಗುತ್ತೆ. ಲೀಗಿಂದೇ ಎನ್‌ಎಚ್‌ಎಲ್ ಎಡ್ಜ್ ಅಂತ 2023ರಲ್ಲಿ ಬಂತು, ಸ್ಕೇಟಿಂಗ್ ವೇಗ, ಯಾವ ಜೋನಲ್ಲಿ ಎಷ್ಟು ಹೊತ್ತು ಅಂತೆಲ್ಲ ಇದೆ, ನೋಡೋಕೆ ಚೆನ್ನಾಗಿದೆ, ಆದ್ರೆ ಗಂಟೆಗೆ ಎಷ್ಟು ಮೈಲಿ ಓಡ್ದ ಅನ್ನೋದ್ರಿಂದ ಡಿಫೆನ್ಸ್ ಗೊತ್ತಾಗಲ್ಲ.

ವಾರ್, ಗಾರ್, ಆರ್‌ಎಪಿಎಂ

ಒಂದೇ ನಂಬರಲ್ಲಿ ಎಲ್ಲ ಹೇಳಿಬಿಡಿ ಅನ್ನೋರಿಗೆ ಇದು. ಆರ್‌ಎಪಿಎಂ ಅಂದ್ರೆ ಸಾವಿರಾರು ಶಿಫ್ಟುಗಳನ್ನ ತಗೊಂಡು, ಜೊತೆಗಿದ್ದೋರು, ಎದುರಿದ್ದೋರು, ಸ್ಕೋರು, ಜೋನ್ ಸ್ಟಾರ್ಟ್, ಹೋಮ್ ಗ್ರೌಂಡಾ ಅಂತೆಲ್ಲ ಒಟ್ಟಿಗೆ ಹಾಕಿ ರಿಗ್ರೆಷನ್ ಮಾಡಿ ಒಬ್ಬೊಬ್ಬನ ಪಾಲು ಬೇರೆ ಮಾಡೋದು. ಅದರ ಮೇಲೆ ಪೆನಾಲ್ಟಿ, ಪವರ್ ಪ್ಲೇ ಎಲ್ಲ ಸೇರಿಸಿ, ಬೆಂಚಲ್ಲಿ ಸುಲಭವಾಗಿ ಸಿಗೋ ಆಟಗಾರನಿಗಿಂತ ಇವನು ಎಷ್ಟು ಗೋಲ್ ಜಾಸ್ತಿ ಬೆಲೆ ಅಂದ್ರೆ ಗಾರ್, ಎಷ್ಟು ಗೆಲುವು ಅಂದ್ರೆ ವಾರ್.

ಉದ್ದೇಶ ಒಳ್ಳೇದು, ಜೊತೆಗಾರನ ಸಮಸ್ಯೆಗೆ ಇದಕ್ಕಿಂತ ಗಂಭೀರ ಉತ್ತರ ಇಲ್ಲ. ಆದ್ರೆ ಡಿಫೆನ್ಸ್‌ಮನ್ ಜೋಡಿ ಒಂದು 90% ಹೊತ್ತು ಒಟ್ಟಿಗೇ ಆಡಿದ್ರೆ ಲೆಕ್ಕಕ್ಕೂ ಅವರನ್ನ ಬಿಡಿಸೋಕಾಗಲ್ಲ, ಇಬ್ಬರಿಗೂ ಹಂಚಿಬಿಡುತ್ತೆ. ಆಮೇಲೆ ಈ ನಂಬರಿನ ಅಟ್ಯಾಕ್ ಭಾಗಕ್ಕಿಂತ ಡಿಫೆನ್ಸ್ ಭಾಗ ವರ್ಷದಿಂದ ವರ್ಷಕ್ಕೆ ಜಾಸ್ತಿ ಅಲ್ಲಾಡುತ್ತೆ. ಹಂಗಾಗಿ ಒಂದೇ ಸೀಸನ್ನಿನ ವಾರ್ ಹಿಡ್ಕೊಂಡು ಇವನು 12ನೇ ರ‍್ಯಾಂಕು ಅವನು 19ನೇ ರ‍್ಯಾಂಕು ಅಂತ ಹೊಡೆದಾಡೋದು ಬೇಡ. ಮೂರು ವರ್ಷದ್ದು ಒಟ್ಟಿಗೆ ನೋಡಿ, ಒಳಗಿನ ಭಾಗ ಬಿಡಿಸಿ ನೋಡಿ, ಒಟ್ಟು ನಂಬರಿಗಿಂತ ಅದು ಯಾವುದರಿಂದ ಬಂತು ಅನ್ನೋದು ಮುಖ್ಯ. ಪವರ್ ಪ್ಲೇ ಇಂದಲೇ ಅರ್ಧ ಬಂದಿದ್ರೆ ಅವನನ್ನ ಡಿಫೆನ್ಸ್‌ಗೆ ಅಂತ ತರೋದ್ರಲ್ಲಿ ಅರ್ಥ ಇಲ್ಲ.

ಯಾರಿಗೆ ಯಾವುದು

ಫ್ಯಾಂಟಸಿ ಆಡೋರು ಮೇಲಿಂದ ಬಹಳಷ್ಟು ಬಿಟ್ಬಿಡಿ. ನಿಮ್ಮ ಲೀಗಲ್ಲಿ ಏನಕ್ಕೆ ಮಾರ್ಕ್ಸ್ ಇದೆ ನೋಡಿ, ಹಿಟ್, ಬ್ಲಾಕ್, ಪವರ್ ಪ್ಲೇ ಪಾಯಿಂಟ್ ಇದ್ರೆ ಅದೇ ದೇವರು. ಮೊದಲ ಪವರ್ ಪ್ಲೇ ಗುಂಪಲ್ಲಿ ಯಾರು, ಎಷ್ಟು ನಿಮಿಷ ಆಡ್ತಾನೆ, ಶಾಟ್ ಎಷ್ಟು ಹೊಡೀತಾನೆ, ಇಷ್ಟೇ. ಪ್ಲಸ್-ಮೈನಸ್‌ಗೆ ಮಾರ್ಕ್ಸ್ ಇದ್ರೆ ಆಟಗಾರನ್ನ ನೋಡ್ಬೇಡಿ, ಟೀಮ್ ನೋಡಿ, ಮತ್ತೆ ಹೋದ ವರ್ಷ ಪಿಡಿಒ 103 ಇದ್ದೋನ್ನ ಬಿಡಿ, 97 ಇದ್ದೋನ್ನ ಅಗ್ಗಕ್ಕೆ ಎತ್ಕೊಳಿ. ಸ್ಲೇವಿನ್ ಥರದೋರು ಇಲ್ಲಿ ಉಪಯೋಗಕ್ಕೆ ಬರಲ್ಲ, ನನಗೆ ಹೊಟ್ಟೆ ಉರಿದ್ರೂ ಇದು ಹಂಗೇ.

ಟೀಮು ಯಾರನ್ನ ತಗೊಂಡಿದ್ದು ಸರಿ, ಯಾರಿಗೆ ಎಂಟು ವರ್ಷದ ಕಾಂಟ್ರಾಕ್ಟ್ ಕೊಟ್ಟಿದ್ದು ತಪ್ಪು ಅಂತ ವಾದ ಮಾಡೋರಿಗೆ ಎಕ್ಸ್‌ಜಿ ವ್ಯತ್ಯಾಸ, ಜೊತೆಗಾರನ ಲೆಕ್ಕ, ಮೂರು ವರ್ಷದ ಆರ್‌ಎಪಿಎಂ, ಈ ಮೂರೂ ಒಂದೇ ದಿಕ್ಕು ತೋರಿಸ್ತಿದ್ರೆ ಧೈರ್ಯವಾಗಿ ಮಾತಾಡಿ. ಮೂರೂ ಮೂರು ದಿಕ್ಕಿಗಿದ್ರೆ ಆಟ ನೋಡಿ, ಬೇರೆ ದಾರಿ ಇಲ್ಲ, ಅದರಲ್ಲೂ ಪಕ್ ಇಲ್ಲದ ಕಡೆ ಅವನು ಎಲ್ಲಿ ನಿಂತಿದಾನೆ ಅಂತ ನೋಡಿ. ಇನ್ನು 20, 21 ವಯಸ್ಸಿನ ಹುಡುಗ ಆಗಿದ್ರೆ ಮೊದಲ ಸೀಸನ್ನಿನ ಡಿಫೆನ್ಸ್ ನಂಬರ್ ಕೆಟ್ಟದಾಗಿದೆ ಅಂತ ಕೈ ಬಿಡ್ಬೇಡಿ, ಪಕ್ ಹೊರಗೆ ತರೋದು ಚೆನ್ನಾಗಿದ್ರೆ ಮಿಕ್ಕಿದ್ದು ಕಲೀತಾನೆ, ಅದಿಲ್ದೇ ಬರೀ ಗುದ್ದೋನು ಕಲಿಯೋದು ಕಷ್ಟ.

ಕೊನೇದಾಗಿ ಒಂದು ಜೋಡಿ ಇಟ್ಟು ನೋಡೋಣ, ನಂಬರುಗಳು ಸುಮ್ನೆ ಉದಾಹರಣೆಗೆ ನಾನೇ ಹಾಕ್ತಿರೋದು, ಯಾರದ್ದೂ ಅಲ್ಲ. ಮೊದಲ್ನೇಯೋನು 48 ಪಾಯಿಂಟ್, ಪ್ಲಸ್ 18, ಅವನಿದ್ದಾಗ ಗೋಲ್‌ಕೀಪರ್ 94% ತಡೆದಿದಾನೆ, 60 ನಿಮಿಷಕ್ಕೆ ಎದುರಾಳಿಗೆ ಬಿಟ್ಟ ಎಕ್ಸ್‌ಜಿ 2.8, ಟೀಮು ಅವನಿಲ್ದಾಗ 2.5. ಎರಡನೇಯೋನು 22 ಪಾಯಿಂಟ್, ಮೈನಸ್ 6, ಗೋಲ್‌ಕೀಪರ್ 89%, ಬಿಟ್ಟ ಎಕ್ಸ್‌ಜಿ 2.2, ಟೀಮು ಅವನಿಲ್ದಾಗ 2.6, ಜೊತೆಗಾರ ಬದಲಾದ್ರೂ ಅವನದ್ದು ಅಲ್ಲಾಡಲ್ಲ. ಸಂಬಳ ಇಬ್ಬರಿಗೂ ಒಂದೇ, ಟೀಮಲ್ಲಿ ಪವರ್ ಪ್ಲೇ ಆಡ್ಸೋಕೆ ಬೇರೆಯೋರು ಆಗ್ಲೇ ಇದಾರೆ. ಮೊದಲ್ನೇಯೋನಿಗೆ ಮುಂದಿನ ವರ್ಷ ಗೋಲ್‌ಕೀಪರ್ 91 ಪರ್ಸೆಂಟಿಗೆ ಇಳಿದ್ರೆ ಪ್ಲಸ್ ಕರಗುತ್ತೆ, ಬಿಟ್ಟುಕೊಡೋ ಶಾಟ್ ಹಂಗೇ ಉಳಿಯುತ್ತೆ. ಎರಡನೇಯೋನಿಗೆ 91ಕ್ಕೆ ಏರಿದ್ರೆ ಅದೇ ಆಟಕ್ಕೆ ಪ್ಲಸ್ ಬರುತ್ತೆ. ನಾನು ಎರಡನೇಯೋನ್ನೇ ತಗೊಳ್ಳೋದು, ಮೂರು ವರ್ಷಕ್ಕೆ ಸೈನ್ ಮಾಡಿಸಿ ಎದುರಾಳಿಯ ಮೊದಲ ಲೈನ್, ಅಂದ್ರೆ ಅವರ ಬೆಸ್ಟ್ ಫಾರ್ವರ್ಡುಗಳು, ಬಂದಾಗೆಲ್ಲ ಇಳಿಸ್ತೀನಿ.